ಹಿಂಡಿನ ತಲೆಯ ಮೇಲೆ ಧುಮುಕಬೇಡಿ

ಇವತ್ತು ಇದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ಮೈಯೆಲ್ಲ ಉಪ್ಪು, ತುಟಿ ಒಡೆದಿದೆ, ಬಲಗಿವಿಯಲ್ಲಿ ಇನ್ನೂ ನೀರು ಗುಳುಗುಳು ಎನ್ನುತ್ತಿದೆ. ಇರಲಿ. ನಾಲ್ಕು ದಿನಗಳಲ್ಲಿ ಮೂರು ದಿನ, ದಿನಕ್ಕೆ ಆರೇಳು ಗಂಟೆ ಅಲೆಯ ಮೇಲೆ ಕುಳಿತು ಕಾದದ್ದು ಇಂದು ಮಧ್ಯಾಹ್ನ ಕಣ್ಣೆದುರು ಬಂತು. ಅದನ್ನು ಇಬ್ಬರು ಮನುಷ್ಯರು ಅರ್ಧ ನಿಮಿಷದಲ್ಲಿ ಒಡೆದುಹಾಕಿದರು.

ನಾನು ಎಲ್ಲಿದ್ದೇನೆಂದು ಕೆಲವರಿಗಷ್ಟೇ ಗೊತ್ತು. ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ, ಪೋರ್ಟ್ ಸೇಂಟ್ ಜಾನ್ಸ್ ಎಂಬ ಊರಿನಲ್ಲಿ. ಉಮ್ಜಿಮ್ವುಬು ನದಿ ಎರಡು ಬೆಟ್ಟಗಳ ನಡುವೆ ಬಾಗಿಲು ತೆರೆದಂತೆ ಹರಿದು ಬಂದು ಇಲ್ಲಿ ಹಿಂದೂ ಮಹಾಸಾಗರ ಸೇರುತ್ತದೆ. ಜೊಹಾನ್ಸ್‌ಬರ್ಗ್‌ನಿಂದ ಮ್ತಾತಾದವರೆಗೆ ಸಣ್ಣ ವಿಮಾನ, ಅಲ್ಲಿಂದ ಗುಡ್ಡದ ರಸ್ತೆಯಲ್ಲಿ ಸುಮಾರು ಎರಡು ಗಂಟೆ. ಇಷ್ಟೆಲ್ಲ ಬಂದದ್ದು ಬೂತಾಯಿ ಮೀನು ನೋಡುವುದಕ್ಕೆ. ಅಮ್ಮ ಫೋನಿನಲ್ಲಿ, ‘ಅದಕ್ಕೆ ಅಷ್ಟು ದೂರ ಯಾಕೆ, ಮಲ್ಪೆ ಬಂದರಿಗೆ ಹೋದರೆ ಸಾಲದೇ?’ ಎಂದು ಕೇಳಿದಳು. ಬುಟ್ಟಿಯಲ್ಲಿ ಬಿದ್ದ ಬೂತಾಯಿಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ ಅಮ್ಮಾ, ಬದುಕಿರುವ ಬೂತಾಯಿಯನ್ನು ನೋಡಿಲ್ಲ ಎಂದೆ.

ಇಲ್ಲಿಯದು ನಮ್ಮ ಬೂತಾಯಿಯೇ ಅಲ್ಲ, ಅದರ ದೊಡ್ಡಪ್ಪನ ಮಕ್ಕಳು ಎನ್ನಬಹುದು. ಆಫ್ರಿಕಾದ ದಕ್ಷಿಣದ ತುದಿಯ ತಣ್ಣೀರಿನಲ್ಲಿ ಬಾಳುವ ಸಾರ್ಡೀನ್. ಮೇ ತಿಂಗಳಿನಿಂದ ಜುಲೈವರೆಗೆ, ಚಳಿಗಾಲದಲ್ಲಿ, ಕರಾವಳಿಗೆ ಅಂಟಿಕೊಂಡಂತೆ ತಣ್ಣೀರಿನ ಒಂದು ಕಿರಿದಾದ ಪಟ್ಟಿ ಈಶಾನ್ಯದ ಕಡೆಗೆ ಚಾಚಿಕೊಳ್ಳುತ್ತದೆ. ಅದರಾಚೆಗೆ ಬೆಚ್ಚಗಿನ ಅಗುಲಾಸ್ ಪ್ರವಾಹ ಎದುರು ದಿಕ್ಕಿನಲ್ಲಿ ಹರಿಯುತ್ತಿರುತ್ತದೆ. ಆ ಓಣಿಯಲ್ಲಿ ಮೀನು ಹೊರಡುತ್ತದೆ. ಹಿಂಡುಗಳು ಕೆಲವು ವರ್ಷ ಏಳು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲ, 30 ಮೀಟರ್ ಆಳದಷ್ಟು ದೊಡ್ಡದಾಗಿರುತ್ತವೆ. ಹಿಂದೆಯೇ ಸಾವಿರಾರು ಡಾಲ್ಫಿನ್‌ಗಳು, ಶಾರ್ಕ್‌ಗಳು, ಬ್ರೈಡ್ಸ್ ತಿಮಿಂಗಿಲಗಳು, ಆಕಾಶದಲ್ಲಿ ಗ್ಯಾನೆಟ್ ಹಕ್ಕಿಗಳು. ಇದನ್ನೇ ಇಲ್ಲಿ ಸಾರ್ಡೀನ್ ರನ್ ಎನ್ನುತ್ತಾರೆ.

ನೋಡುವುದು ಸುಲಭವಲ್ಲ. ಬೆಳಿಗ್ಗೆ ಏಳಕ್ಕೆ ರಬ್ಬರಿನ ದೋಣಿ ನದೀಮುಖದಿಂದ ಹೊರಡುತ್ತದೆ. ಕಾಲನ್ನು ಪಟ್ಟಿಗೆ ಸಿಕ್ಕಿಸಿ, ಹಗ್ಗ ಬಿಗಿಯಾಗಿ ಹಿಡಿದು ಕುಳಿತರೆ ಚಾಲಕ ಅಲೆಗಳನ್ನು ಎಣಿಸುತ್ತಾನೆ. ಎರಡು ಅಲೆಗಳ ನಡುವಿನ ಸಂದು ಸಿಕ್ಕಿದ ಕೂಡಲೇ ಎಂಜಿನ್ ಕೂಗಿಸಿ ದಾಟಿಸುತ್ತಾನೆ. ನಮ್ಮೂರಿನ ಅಳಿವೆ ದಾಟುವುದನ್ನು ನೋಡಿದವರಿಗೆ ಆ ಎದೆಬಡಿತ ಗೊತ್ತು. ಆಮೇಲೆ ಕಾಯುವುದೇ ಕೆಲಸ. ಮೇಲೆ ಒಂದು ಪುಟ್ಟ ವಿಮಾನ ಹಾರಾಡುತ್ತ ಎಲ್ಲಿ ಹಕ್ಕಿ ಮೀನಿಗಾಗಿ ನೀರಿಗೆ ಬೀಳುತ್ತಿದೆ ಎಂದು ರೇಡಿಯೋದಲ್ಲಿ ಹೇಳುತ್ತದೆ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನದ ಮಾತು ಆಮೇಲೆ ಹೇಳುತ್ತೇನೆ. ಮೂರನೆಯ ದಿನ ಗಾಳಿ, ದೋಣಿಯನ್ನೇ ಇಳಿಸಲಿಲ್ಲ.

ಇಂದು ಸುಮಾರು ಒಂದು ಗಂಟೆಗೆ ಡಾಲ್ಫಿನ್‌ಗಳು ಸಿಕ್ಕವು. ನಾಲ್ಕೈದು ನೂರು ಇರಬಹುದು, ಒಂದೇ ದಿಕ್ಕಿಗೆ ಓಡುತ್ತಿದ್ದವು. ಚಾಲಕ ದೂರದಿಂದಲೇ ಅವುಗಳ ಜೊತೆ ನಡೆಸಿದ. ಮುಕ್ಕಾಲು ಗಂಟೆ ಹಾಗೆಯೇ ಹೋದೆವು. ಒಮ್ಮೆಲೇ ಅವು ನಿಂತವು, ಸುತ್ತತೊಡಗಿದವು. ಮೇಲೆ ಒಂದು ಗ್ಯಾನೆಟ್ ಬಿತ್ತು, ಆಮೇಲೆ ಹತ್ತು, ಆಮೇಲೆ ಲೆಕ್ಕ ಸಿಗಲಿಲ್ಲ. ಮಾರ್ಗದರ್ಶಕಿ ನಮ್ಮೆಲ್ಲರಿಗೂ ಬೆಳಿಗ್ಗೆಯೇ ಸ್ಪಷ್ಟವಾಗಿ ಹೇಳಿದ್ದಳು: ನಾನು ಕೈ ಮಾಡಿದ ಮೇಲೆ, ಪಕ್ಕದಿಂದ, ಸದ್ದಿಲ್ಲದೆ ಜಾರಿಕೊಂಡು ನೀರಿಗಿಳಿಯಿರಿ, ಉಂಡೆಯಿಂದ, ಅಂದರೆ ಬೆದರಿ ಗೋಳದಂತೆ ಒತ್ತಾಗಿ ಕೂಡಿಕೊಂಡ ಮೀನಿನ ಹಿಂಡಿನಿಂದ, ದೂರವಿರಿ, ಒಳಗೆ ಹೋಗಬೇಡಿ.

ಕೈ ಮಾಡಿದಳು, ಇಳಿದೆವು. ಕಂಡದ್ದನ್ನು ಹೇಳುತ್ತೇನೆ, ಕೇಳಿ.

ಮೊದಲು ಕಾಣುವುದಲ್ಲ, ಕೇಳುವುದು. ಸಿಳ್ಳೆ, ಕಿಟಕಿಟ, ಬಾಗಿಲು ಕಿರುಗುಟ್ಟಿದ ಸದ್ದು. ಕಿವಿಯಲ್ಲಷ್ಟೇ ಅಲ್ಲ, ಎದೆಯ ಮೂಳೆಯಲ್ಲಿ ಕೇಳಿಸುತ್ತದೆ. ಆಮೇಲೆ ಹಸಿರು ನೀರಿನಲ್ಲಿ ಒಂದು ಕಪ್ಪು ಗೋಳ. ಹತ್ತಿರವಾದಂತೆ ಅದು ಕಪ್ಪಲ್ಲ, ಬೆಳ್ಳಿ. ಸಾವಿರಾರು ಬೂತಾಯಿಗಳು ಒಂದೇ ಮೈಯಂತೆ ತಿರುಗುತ್ತಿವೆ. ಒಂದು ಡಾಲ್ಫಿನ್ ಹಾದುಹೋದರೆ ಅಲ್ಲೊಂದು ಗುಳಿ ಬೀಳುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಕೆಳಗಿನಿಂದ ನಾಲ್ಕು ಡಾಲ್ಫಿನ್‌ಗಳು ಗುಳ್ಳೆ ಬಿಡುತ್ತ ಉಂಡೆಯನ್ನು ಮೇಲಕ್ಕೆ ಒತ್ತುತ್ತಿದ್ದವು. ಬದಿಯಲ್ಲಿ ಇನ್ನಷ್ಟು ಕಾವಲು. ಒಂದರ ಹೊಟ್ಟೆಯ ಪಕ್ಕಕ್ಕೆ ಅಂಟಿದಂತೆ ಮರಿಯಿತ್ತು, ನನ್ನ ತೋಳಿನಷ್ಟು ಉದ್ದ. ಮೇಲಿನಿಂದ ಗ್ಯಾನೆಟ್‌ಗಳು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಬಂದು ನೀರು ಸೀಳಿದಾಗ ಪಟಾಕಿ ಸಿಡಿದ ಸದ್ದು, ಹಿಂದೆ ಬಿಳಿ ಗುಳ್ಳೆಯ ಉದ್ದನೆಯ ಬಾಲ. ಒಂದು ಹಕ್ಕಿ ನನ್ನಿಂದ ಮೂರು ಮಾರು ದೂರದಲ್ಲಿ, ನೀರಿನೊಳಗೇ ರೆಕ್ಕೆ ಬಡಿದು ತಿರುಗಿ ಮೀನು ಹಿಡಿಯಿತು. ಅದರ ತಿಳಿನೀಲಿ ಕಣ್ಣು ನನಗೆ ಕಾಣಿಸಿತು. ಇಡೀ ಲೋಕದಲ್ಲಿ ಆರೇ ದ್ವೀಪಗಳಲ್ಲಿ ಮೊಟ್ಟೆಯಿಡುವ, ಅಳಿವಿನಂಚಿಗೆ ಬಂದಿರುವ ಹಕ್ಕಿ ಅದು.

ಎರಡು ನಿಮಿಷವೂ ಆಗಿರಲಿಲ್ಲ. ಇನ್ನೊಂದು ದೋಣಿ ನೇರ ಉಂಡೆಯ ಮೇಲಕ್ಕೇ ಬಂದು ನಿಂತಿತು. ಇಬ್ಬರು ಉದ್ದನೆಯ ಕೋಲಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಧೊಪ್ಪೆಂದು ಅದರ ನಡುವಿಗೆ ಬಿದ್ದರು.

ಬೆದರಿದ ಮೀನಿಗೆ ಮನುಷ್ಯ ಬಂಡೆಯಂತೆ ಕಾಣುತ್ತಾನೆ. ಮರೆ ಸಿಕ್ಕಿತು ಎಂದು ಅವನ ಹೊಟ್ಟೆಯ ಕೆಳಗೇ ಸೇರಿಕೊಳ್ಳುತ್ತದೆ. ಹಾಗೆಯೇ ಆಯಿತು. ಉಂಡೆ ಎರಡಾಯಿತು, ಒಂದು ಹೋಳು ಅವರಿಬ್ಬರ ಕೆಳಗೆ ತೂಗಾಡಿತು. ಡಾಲ್ಫಿನ್‌ಗಳು ಹತ್ತಿರ ಬಂದು, ಮನುಷ್ಯರ ಕಾಲುಗಳನ್ನು ಕಂಡು, ತಿರುಗಿ ಹೋದವು. ಮತ್ತೆ ಬಂದವು, ಮತ್ತೆ ಹೋದವು. ಇನ್ನೊಂದು ಹೋಳು ಕಾವಲು ತಪ್ಪಿದ್ದೇ ತಡ ಆಳಕ್ಕೆ ಸುರಿದುಹೋಯಿತು. ಸಿಳ್ಳೆಯ ಸದ್ದು ದೂರವಾಯಿತು. ಉಳಿದದ್ದು ನೀರಿನ ತುಂಬ ತೇಲುವ ಮೀನಿನ ಹುರುಪೆಗಳು, ಮೇಲೆ ಸುಮ್ಮನೆ ಸುತ್ತುವ ಹಕ್ಕಿಗಳು. ಆ ಇಬ್ಬರು ತಲೆಯೆತ್ತಿ ಹೆಬ್ಬೆರಳು ತೋರಿಸುತ್ತಿದ್ದರು.

ನನಗೆ ಬಂದ ಕೋಪವನ್ನು ಹೇಗೆ ಹೇಳಲಿ? ಊಟಕ್ಕೆ ಕುಳಿತವರ ಎಲೆಯ ಮೇಲೆ ಕಾಲಿಟ್ಟು ನಿಂತು ಚಿತ್ರ ತೆಗೆಸಿಕೊಂಡಂತೆ. ಆ ಎಲೆಯನ್ನು ಬಡಿಸಿಕೊಳ್ಳಲು ಡಾಲ್ಫಿನ್‌ಗಳು ಬೆಳಗಿನಿಂದ ದುಡಿದಿದ್ದವು.

ನನ್ನ ಅಜ್ಜ ರಂಪಣಿ, ಅಂದರೆ ಹತ್ತಾರು ಜನ ದಡದಿಂದ ಎಳೆಯುವ ದೊಡ್ಡ ಬಲೆ, ಎಳೆದವರು ಎಂದು ನಿಮಗೆಲ್ಲ ಗೊತ್ತು. ಮಳೆ ಮುಗಿದ ಮೇಲೆ ಹಿಂಡು ದಡಕ್ಕೆ ಬರುವ ಕಾಲ. ನೀರಿನ ಬಣ್ಣ ನೋಡಿ, ಹಕ್ಕಿ ನೋಡಿ ತಂಡದ ಮುಖ್ಯಸ್ಥನಾದ ತಾಂಡೇಲ ಹೇಳುತ್ತಿದ್ದ. ಅವನು ಹೇಳುವವರೆಗೆ ಹತ್ತಾರು ಜನ ಹಗ್ಗ ಹಿಡಿದು ಮರಳಿನಲ್ಲಿ ಕುಳಿತೇ ಇರುತ್ತಿದ್ದರು. ದೋಣಿ ಹಿಂಡನ್ನು ಬಳಸಿ ದೂರದಿಂದ ಸುತ್ತಿ ಬರುತ್ತಿತ್ತು. ‘ಹಿಂಡಿನ ತಲೆಯ ಮೇಲೆ ದೋಣಿ ಹಾಯಿಸಬಾರದು’ ಎನ್ನುವುದು ಅಜ್ಜನ ಬಾಯಲ್ಲಿ ನಾನು ನೂರು ಸಲ ಕೇಳಿದ ಮಾತು. ಮೀನು ಹಿಡಿದು ತಿನ್ನಲು ಹೊರಟವರಿಗೇ ಅಷ್ಟು ನಯವಿತ್ತು. 1970ರ ದಶಕದಲ್ಲಿ ಹಿಂಡನ್ನೇ ಸುತ್ತುವರಿದು ಹಿಡಿಯುವ ಯಾಂತ್ರಿಕ ಪರ್ಸೀನ್ ದೋಣಿಗಳು ಬಂದು ರಂಪಣಿ ಮೂಲೆ ಸೇರಿತು, ಆ ಕಥೆ ಬೇರೆ. ನೋಡುವುದಕ್ಕಷ್ಟೇ ಬಂದವರಿಗೆ, ಹೊಟ್ಟೆಪಾಡಿನ ಒತ್ತಡ ಎಳ್ಳಷ್ಟೂ ಇಲ್ಲದವರಿಗೆ, ಐದು ನಿಮಿಷ ದೂರ ನಿಲ್ಲುವ ತಾಳ್ಮೆ ಯಾಕಿಲ್ಲ?

ಎರಡನೆಯ ದಿನದ ಮಾತು ಹೇಳುತ್ತೇನೆ ಎಂದಿದ್ದೆ. ಆ ದಿನ ಒಂದು ಸಣ್ಣ ಉಂಡೆ ಸಿಕ್ಕಿತ್ತು. ಮಾರ್ಗದರ್ಶಕಿ ಇನ್ನೂ ಕೈ ಮಾಡಿರಲಿಲ್ಲ. ನಾನು ಇಳಿದುಬಿಟ್ಟೆ. ಎಲ್ಲಿ ತಪ್ಪಿಹೋಗುತ್ತದೋ ಎಂಬ ಆತುರ. ಕಾಲು ಬಡಿದು ಬಡಿದು ನಾನು ತಲುಪುವಷ್ಟರಲ್ಲಿ ಮೀನು ಚದುರಿ ಇಳಿದುಹೋಗಿತ್ತು. ಬರಿಯ ಹಸಿರು ನೀರಿನಲ್ಲಿ ಏದುಸಿರು ಬಿಡುತ್ತ ತೇಲುತ್ತಿದ್ದೆ. ದೋಣಿಗೆ ಹತ್ತಿದಾಗ ಅವಳು ಬೈಯಲಿಲ್ಲ. ‘ಅವು ಒಂದು ಗಂಟೆಯಿಂದ ಅದನ್ನು ಕಟ್ಟುತ್ತಿದ್ದವು’ ಎಂದಳು, ಅಷ್ಟೇ. ಆ ರಾತ್ರಿ ಅಜ್ಜನ ನೆನಪಾಗಿ ನಾನು ಅತ್ತೆ. ಇಂದಿನ ಕೋಪದಲ್ಲಿ ಆ ನಾಚಿಕೆಯೂ ಸೇರಿದೆ, ಮುಚ್ಚಿಡುವುದಿಲ್ಲ.

ಸಂಜೆ ಊಟದ ಮೇಜಿನಲ್ಲಿ ಮಾತು ತೆಗೆದೆ. ಒಬ್ಬರು ಹೇಳಿದರು: ಈ ಮೀನು ಹೇಗೂ ಸಾಯಲೆಂದೇ ಬರುತ್ತದೆ. 2021ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಮಾತು ಅದು, ನನಗೂ ಗೊತ್ತಿದೆ. ವಂಶವಾಹಿಗಳನ್ನು ಪರೀಕ್ಷಿಸಿ ನೋಡಿದರೆ ಈ ಓಟದ ಮೀನು ಹೆಚ್ಚಾಗಿ ಅಟ್ಲಾಂಟಿಕ್ ಬದಿಯ ತಣ್ಣೀರಿನ ಮೂಲದ್ದು. ಆಳದಿಂದ ಉಕ್ಕಿದ ತಂಪು ನೀರನ್ನು ನಂಬಿ ಬರುತ್ತದೆ, ಆ ತಂಪು ಮುಗಿದಾಗ ತನಗೆ ಒಗ್ಗದ ಬೆಚ್ಚಗಿನ ನೀರಿನಲ್ಲಿ ಸಿಕ್ಕಿಬೀಳುತ್ತದೆ. ವಿಜ್ಞಾನಿಗಳು ಇದನ್ನು ಬಲೆ ಎಂದೇ ಕರೆದಿದ್ದಾರೆ. ಓದಿದಾಗ ನನಗೆ ಸಂಕಟವಾಗಿತ್ತು. ಆದರೆ ಬೂತಾಯಿ ಸಾಯುತ್ತದೆ ಎಂಬ ಕಾರಣಕ್ಕೆ ಡಾಲ್ಫಿನ್ ಮರಿಯ ತಾಯಿ ಹಸಿದಿರಬೇಕೇ? ಸಾಯುವ ಮೀನು ಯಾರ ಹೊಟ್ಟೆ ಸೇರಬೇಕೋ ಅವರ ಹೊಟ್ಟೆ ಸೇರಲಿ. ನಡುವೆ ನಮ್ಮ ಕಾಲು ಯಾಕೆ?

ಇನ್ನೊಬ್ಬರದು ಹೊಟ್ಟೆಪಾಡಿನ ವಾದ. ಇದು ಬಡ ಪ್ರದೇಶ. ದೋಣಿ, ವಸತಿ, ಅಡುಗೆ ಎಂದು ವರ್ಷದಲ್ಲಿ ಈ ಕೆಲವೇ ವಾರ ನಾಲ್ಕು ಕಾಸು ಬರುತ್ತದೆ. ಬಂದವರಿಗೆ ಬೇಸರ ಮಾಡಿದರೆ ಮುಂದಿನ ವರ್ಷ ಯಾರು ಬರುತ್ತಾರೆ? ಒಪ್ಪುತ್ತೇನೆ, ಈ ಊರಿಗೆ ಆ ಹಣ ಬೇಕು. ಆದರೆ ಬಂದವರು ನೋಡುವುದಾದರೂ ಏನನ್ನು? ಉಂಡೆ ಒಡೆದ ಮೇಲೆ ನಮ್ಮ ದೋಣಿಯ ಎಂಟು ಜನರಿಗೆ ಸಿಕ್ಕಿದ್ದು ಹುರುಪೆ. ಅವರ ದೋಣಿಯವರಿಗೂ ಅಷ್ಟೇ. ಸುಮ್ಮನಿದ್ದಿದ್ದರೆ ಹತ್ತು ನಿಮಿಷವೋ ಹದಿನೈದು ನಿಮಿಷವೋ ಎಲ್ಲರೂ ನೋಡಬಹುದಿತ್ತು. ಶಾರ್ಕ್‌ಗಳು ಇನ್ನೂ ಬಂದೇ ಇರಲಿಲ್ಲ. ನಾಲ್ಕು ದಿನ ಚಳಿಯಲ್ಲಿ ಕಾದ, ಅರವತ್ತು ದಾಟಿದ ಹೆಂಗಸೊಬ್ಬರು ನಮ್ಮ ದೋಣಿಯಲ್ಲಿದ್ದರು. ಅವರು ನೀರಿಗಿಳಿದು ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಕೊಟ್ಟದ್ದೂ ಹಣವೇ ತಾನೇ?

‘ನಾವು ದುಡ್ಡು ಕೊಟ್ಟಿದ್ದೇವೆ’ ಎನ್ನುವ ಮಾತು ದೋಣಿ ಹತ್ತಿದ ಕೂಡಲೇ ಎಲ್ಲಿಂದ ಬರುತ್ತದೆಯೋ! ಕೊಟ್ಟದ್ದು ದೋಣಿಗೆ, ಎಣ್ಣೆಗೆ, ದಾರಿ ತೋರಿಸುವವರ ಕಣ್ಣಿಗೆ. ಡಾಲ್ಫಿನ್‌ಗೆ ಯಾರೂ ಏನೂ ಕೊಟ್ಟಿಲ್ಲ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನಾನು ಡೈವಿಂಗ್ ಕಲಿತದ್ದು. ಅಲ್ಲಿಯೂ ಇದೇ ಮಾತು ಕೇಳಿದ್ದೇನೆ. ಹವಳದ ಮೇಲೆ ನಿಂತು ಫೋಟೋ ಬೇಕು ಎಂದು ಹಟ ಹಿಡಿದವರಿಗೆ ಬೇಡ ಎಂದ ಹುಡುಗನನ್ನು ಗದರಿದ್ದನ್ನೂ ಕಂಡಿದ್ದೇನೆ. ಬೇಡ ಎನ್ನುವ ಧೈರ್ಯ ಮಾಡಿದ ಮಾರ್ಗದರ್ಶಕರ ಬೆನ್ನಿಗೆ ನಿಲ್ಲಬೇಕಾದವರು ದೋಣಿಯಲ್ಲಿ ಕುಳಿತ ನಾವೇ. ಸಂಜೆ ದಡದಲ್ಲಿ ನಮ್ಮ ಮಾರ್ಗದರ್ಶಕಿ ಆ ದೋಣಿಯ ಚಾಲಕನ ಹತ್ತಿರ ಮಾತಾಡಿದಳು. ಅವನು ತಲೆ ತಗ್ಗಿಸಿ, ‘ನಿಲ್ಲಿಸು ಎಂದರೆ ಕೇಳುವುದಿಲ್ಲ, ಆಮೇಲೆ ದೂರು ಬರೆಯುತ್ತಾರೆ’ ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ನಮ್ಮೂರಿನಲ್ಲಿ ಈಗ ಮಳೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿ. ಸಾಲ ಇರುವವರು, ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದವರು, ಕಡಲಿಗೆ ಬೆನ್ನು ಹಾಕಿ ಬಲೆ ಹೆಣೆಯುತ್ತ ಕುಳಿತಿದ್ದಾರೆ. ಅವರು ಎರಡು ತಿಂಗಳು ಕಾಯಬಲ್ಲರು. ರಜೆ ಹಾಕಿ ಬಂದ ನಾವು ಒಂದು ಕೈಸನ್ನೆಗೆ ಕಾಯಲಾರೆವೇ?

ಈಗ ರಾತ್ರಿ ಹತ್ತೂವರೆ. ಬಚ್ಚಲಿನಲ್ಲಿ ಡೈವಿಂಗ್ ಉಡುಪು ತೊಳೆಯುವಾಗ ತೋಳಿನ ಮಡಿಕೆಯಲ್ಲಿ ಒಂದು ಹುರುಪೆ ಸಿಕ್ಕಿತು. ಉಗುರಿನ ಅರ್ಧದಷ್ಟು, ದೀಪಕ್ಕೆ ಹಿಡಿದರೆ ಅಂಚಿನಲ್ಲಿ ತಿಳಿಗುಲಾಬಿ. ಮೇಜಿನ ಮೇಲೆ ಇಟ್ಟಿದ್ದೇನೆ.

ನಾಳೆ ಕೊನೆಯ ದಿನ. ಗಾಳಿ ಇಳಿಯುತ್ತದೆ ಎಂದಿದ್ದಾರೆ. ಆ ಇಬ್ಬರ ದೋಣಿಯೂ ನಮ್ಮ ಜೊತೆಗೇ ಹೊರಡುತ್ತದೆ, ಉಡುಪು ತೊಡುವುದೂ ಅದೇ ದಡದಲ್ಲಿ. ಹೇಳಬೇಕಾದದ್ದನ್ನು ದೋಣಿ ನದೀಮುಖ ದಾಟುವ ಮೊದಲೇ ಅವರಿಗೆ ಹೇಳುತ್ತೇನೆ. ಎರಡನೆಯ ದಿನ ನಾನು ಮಾಡಿದ್ದರಿಂದಲೇ ಶುರುಮಾಡುತ್ತೇನೆ.