ಕಾಕಾನ ಗಂಗಾಳ ಮತ್ತು ದೀಪದ ಕಂಬದ ಕಾಗದ

ಕುಷ್ಟಗಿ ತಾಲ್ಲೂಕಿನ ನಮ್ಮ ಹಳೇ ಮನೆಯ ಪಡಸಾಲೆ ಗೋಡೆಯಲ್ಲೊಂದು ಬಿರುಕಿದೆ. ಅದರ ಉದ್ದಕ್ಕೂ ಪೆನ್ಸಿಲ್ಲಿನ ಅಡ್ಡಗೀಟುಗಳು, ಒಂದೊಂದು ಗೀಟಿಗೂ ಒಂದು ತಾರೀಖು. ಊರ ಪಕ್ಕದ ಗುಡ್ಡದಲ್ಲಿ ಮದ್ದಿಟ್ಟು ಕಲ್ಲು ಸಿಡಿಸುವ ಕ್ವಾರಿ ನಡೆಯುತ್ತಿದ್ದ ಕಾಲದಲ್ಲಿ ಬಿರುಕು ಎಲ್ಲಿಗೆ ಬಂತು ಅಂತ ಕಾಕಾ ಗುರುತು ಹಾಕುತ್ತಿದ್ದರು. ಕ್ವಾರಿ ನಿಂತಿತು, ಗೀಟೂ ನಿಂತವು. ಗುಂಡಿಯಲ್ಲಿ ಮಳೆನೀರು ತುಂಬಿ ಎಮ್ಮೆಗಳಿಗೆ ಅನುಕೂಲವಾಯಿತು. ಈಗ ಆ ಕ್ವಾರಿ ಮತ್ತೆ ಶುರುವಾಗುತ್ತದಂತೆ. 'ಅಂತೆ' ಅನ್ನುವುದಕ್ಕೆ ಕಾರಣವಿದೆ. ಊರಿನವರಿಗೆ ಗೊತ್ತಾಗಿದ್ದು ಗುಡ್ಡದ ದಾರಿಗೆ ಜೆಸಿಬಿ ಬಂದಾಗ.

"ತಮ್ಮಾ, ಮತ್ತ ಮದ್ದು ಹಾರಸ್ತಾರಂತ. ನಿಮ್ಮಲ್ಲಿ ಹಿಂಗ ಆದ್ರ ಏನ್ ಮಾಡ್ತಾರಪ?" ಅಂತ ಕಾಕಾ ಫೋನಿನಲ್ಲಿ ಕೇಳಿದರು. ನಮ್ಮಲ್ಲಿ ಅಂದರೆ ಬ್ರಿಟನ್ನಿನ ದಕ್ಷಿಣ ವೇಲ್ಸ್‌ನ ಒಂದು ಕಣಿವೆ. ಕೆಲಸದ ನಿಮಿತ್ತ ಇಲ್ಲಿ ಬಂದು ಬಿದ್ದು ಒಂಬತ್ತು ವರ್ಷವಾಯಿತು.

ಕಾಕಾನಿಗೆ ಉತ್ತರ ಹೇಳುವುದು ಸುಲಭವಾಗಿತ್ತು, ಯಾಕೆಂದರೆ ನಮ್ಮ ಬೀದಿಯ ಮೇಲಿನ ಗುಡ್ಡದಲ್ಲೂ ಮುಚ್ಚಿಹೋದ ಕ್ವಾರಿಯೊಂದಿತ್ತು. ಒಂದು ದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ದೀಪದ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿದ ಹಳದಿ ಕಾಗದ ಕಟ್ಟಿದ್ದರು. ಕ್ವಾರಿಯನ್ನು ಮತ್ತೆ ನಡೆಸುವ ಅರ್ಜಿ ಬಂದಿದೆ, ಇಂಥ ದಿನದೊಳಗೆ ಅಭಿಪ್ರಾಯ ತಿಳಿಸಿ ಎಂದಿತ್ತು. ಬ್ರಿಟನ್ನಿನಲ್ಲಿ 1995ರ ಪರಿಸರ ಕಾಯ್ದೆಯ ಪ್ರಕಾರ ಬಹುಕಾಲ ನಿಂತ ಕ್ವಾರಿಯನ್ನು ಹಳೇ ಪರವಾನಗಿ ತೋರಿಸಿ ಸೀದಾ ಶುರು ಮಾಡುವಂತಿಲ್ಲ, ಹೊಸ ಷರತ್ತುಗಳಿಗೆ ಒಪ್ಪಿಗೆ ಆಗಬೇಕು. ನನಗೆ ಕಾನೂನಿಗಿಂತ ಆ ಕಾಗದವೇ ಹಿಡಿಸಿತು. ಮೇಲೆ ಇಲ್ಲಿಯ ಮೂಲ ಭಾಷೆ ವೆಲ್ಶ್, ಕೆಳಗೆ ಇಂಗ್ಲಿಷ್. ವೇಲ್ಸ್‌ನ 2021ರ ಜನಗಣತಿಯಲ್ಲಿ ವೆಲ್ಶ್ ಬರುತ್ತದೆ ಅಂದವರು ನೂರಕ್ಕೆ ಹದಿನೆಂಟು ಜನವೂ ಇಲ್ಲ. ಆದರೂ ಮೊದಲ ಜಾಗ ಅದಕ್ಕೇ. ನಮ್ಮ ತಾಲ್ಲೂಕಿನಲ್ಲಿ ಕನ್ನಡ ಬರದವರನ್ನು ಹುಡುಕಬೇಕು, ಕ್ವಾರಿಯ ಕಾಗದಗಳು ಮಾತ್ರ ಇಂಗ್ಲಿಷಿನಲ್ಲಿ ಕೂತಿರುತ್ತವೆ.

ಹಾಗಂತ ಇಲ್ಲಿಯವರು ಹುಟ್ಟಾ ಶಿಸ್ತಿನವರು ಅಂತ ಹೊಗಳುವ ಹೊರನಾಡಿನವರ ಚಾಳಿ ನನಗಿಲ್ಲ. ನಮ್ಮಿಂದ ಬಹಳ ದೂರವಿಲ್ಲದ ಆಬರ್‌ವ್ಯಾನ್‌ನಲ್ಲಿ 1966ರ ಅಕ್ಟೋಬರ್ 21ರಂದು ಕಲ್ಲಿದ್ದಲು ಗಣಿಯ ಕಸದ ಗುಡ್ಡ ಶಾಲೆಯ ಮೇಲೆ ಕುಸಿದು 144 ಜನ ಸತ್ತರು, ಅವರಲ್ಲಿ 116 ಮಕ್ಕಳು. ಶಾಲೆಯ ಹಿಂದೆ ಹೀಗೆ ಸುರಿಯುವುದು ಅಪಾಯ ಅಂತ ಮೂರು ವರ್ಷ ಮೊದಲೇ ಪತ್ರಗಳು ಹೋಗಿದ್ದವು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಡ್ಡದ ಕೆಲಸ ಅಂದರೆ ಈ ಕಣಿವೆಯ ಮುದುಕಿಯರು ಇಂದಿಗೂ ಸಭೆಗೆ ಬಂದು ಮುಂದಿನ ಸಾಲಿನಲ್ಲಿ ಕೂರುವುದು ಸುಮ್ಮನೆ ಅಲ್ಲ.

ನಮ್ಮ ಬೀದಿಯ ಸಭೆಯಲ್ಲೂ ಕೂತಿದ್ದರು. ಚಹಾ, ಬಿಸ್ಕತ್ತು, ಒಬ್ಬೊಬ್ಬರಿಗೆ ಮೂರು ನಿಮಿಷ. ಶಾಲೆ ಬಿಡುವ ಹೊತ್ತಿಗೆ ಲಾರಿ ಇಳಿಯಬಾರದು ಅಂತ ಒಬ್ಬಾಕೆ ಮೂರೂ ನಿಮಿಷ ಅದನ್ನೇ ಹೇಳಿದಳು. ಬಾಡಿಗೆ ಮನೆಯ ನಾನೂ ಪತ್ರ ಬರೆದೆ. ಕೊನೆಗೆ ನಾವು ಸೋತೆವು, ಕ್ವಾರಿ ಶುರುವಾಯಿತು. ಇದನ್ನು ಮುಚ್ಚಿಡಬಾರದು. ಪಾಂಟಿಪ್ರಿಡ್ ಬಳಿಯ ಕ್ರೇಗ್ ಇರ್ ಹೆಸ್ಗ್ ಕ್ವಾರಿಯ ವಿಸ್ತರಣೆಗೂ ಅಲ್ಲಿನ ಕೌನ್ಸಿಲ್ ಬೇಡ ಅಂದಿತ್ತು. 2022ರಲ್ಲಿ ವೇಲ್ಸ್ ಸರ್ಕಾರ ಮೇಲ್ಮನವಿಯಲ್ಲಿ ಒಪ್ಪಿಗೆ ಕೊಟ್ಟಿತು. ವಾಹನ ಜಾರದ ರಸ್ತೆಗೆ ಅಲ್ಲಿಯ ಕಲ್ಲು ಹೆಸರುವಾಸಿ, ಬೇಡಿಕೆ ಜೋರು. ಅಂಥ ರಸ್ತೆಯ ಮೇಲೆ ನಾನೂ ಓಡಾಡುತ್ತೇನೆ.

ಸೋತರೂ ನಮಗೆ ಸಿಕ್ಕಿದ್ದೊಂದಿದೆ. ಕೊನೇ ಮನೆಯ ಹಿತ್ತಲಿನಲ್ಲಿ ಕಂಪನ ಅಳೆಯುವ ಮೀಟರ್ ಇಟ್ಟರು. ಇಲ್ಲಿನ 2004ರ ಮಾರ್ಗಸೂಚಿಯಂತೆ ನೂರಕ್ಕೆ 95 ಸಿಡಿತಗಳಲ್ಲಿ ಮನೆ ಹತ್ತಿರದ ನೆಲದ ಅದುರು ಸೆಕೆಂಡಿಗೆ 6 ಮಿ.ಮೀ. ದಾಟಬಾರದು. ಮೀಟರ್ ಏನು ತೋರಿಸಿತು ಅಂತ ಕೇಳಿದರೆ ಹೇಳುತ್ತಾರೆ.

ಇದನ್ನು ಕಾಕಾನಿಗೆ ಹೇಳುವಾಗ, ನಮ್ಮ ದೇಶದಲ್ಲಿ ಇಂಥ ನಿಯಮವೇ ಇಲ್ಲ ಅಂದುಕೊಂಡಿದ್ದೆ. ಹುಡುಕಿದರೆ ಇತ್ತು! ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಮಣ್ಣಿನ ಮನೆ, ಇಟ್ಟಿಗೆ ಮನೆ ಎರಡನ್ನೂ ಹೆಸರಿಸಿ, ನಿಧಾನಕ್ಕೆ ತೂಗುವ (ಕಡಿಮೆ ಆವರ್ತನದ) ಕಂಪನಕ್ಕೆ ಸೆಕೆಂಡಿಗೆ 5 ಮಿ.ಮೀ. ಮಿತಿ ಹಾಕಿದೆ. ಆ ಲೆಕ್ಕದಲ್ಲಿ ವೇಲ್ಸ್‌ಗಿಂತ ಕುಷ್ಟಗಿಯೇ ಬಿಗಿ. ಆದರೆ ನಮ್ಮೂರಲ್ಲಿ ಅಳೆದವರು ಯಾರು? ಕಾಕಾ ಒಬ್ಬರೇ. ಕಟ್ಟೆಯ ಮೇಲೆ ಕಂಚಿನ ಗಂಗಾಳದಲ್ಲಿ ನೀರಿಟ್ಟು, ಮದ್ದು ಹಾರಿದಾಗ ಅಲೆ ಅಂಚಿಗೆ ಬಡಿಯಿತೋ ಹೊರಚೆಲ್ಲಿತೋ ನೋಡುತ್ತಿದ್ದರು. ಚೆಲ್ಲಿದ ದಿನ ಗೋಡೆಗೆ ಗೀಟು.

ಕೇಳುವ ಪದ್ಧತಿಯೂ ನಮ್ಮಲ್ಲಿ ಬರಹದಲ್ಲಿದೆ. ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆ, ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ. ಐದು ಹೆಕ್ಟೇರಿನೊಳಗಿನ ಕ್ವಾರಿಗೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಆದರೆ 2016ರ ತಿದ್ದುಪಡಿ ಅಂಥ ಸಣ್ಣ ಬಿಡಿ ಕ್ವಾರಿಗಳಿಗೆ ಅಹವಾಲು ಸಭೆಯಿಲ್ಲದೆ ದಾಟುವ ದಾರಿ ಮಾಡಿಕೊಟ್ಟಿತು. ಹಳ್ಳಿಯ ಮಗ್ಗುಲಿಗಿರುವುದು ಬಹುತೇಕ ಇಂಥ ಸಣ್ಣವೇ. ಕೇಳದೆ ಬಂದದ್ದನ್ನು ಜನ ಟಿಪ್ಪರಿಗೆ ಅಡ್ಡ ಕೂತು ಕೇಳುತ್ತಾರೆ, ಆಮೇಲೆ ಅಭಿವೃದ್ಧಿ ವಿರೋಧಿಗಳು ಅನ್ನಿಸಿಕೊಳ್ಳುತ್ತಾರೆ.

ನಮ್ಮವರು ಕಲ್ಲಿನ ವೈರಿಗಳಲ್ಲ. ಇಳಕಲ್ಲಿಗೆ ಕೆಂಪು ಗ್ರಾನೈಟ್ ಕಳಿಸುವ ತಾಲ್ಲೂಕು ಇದು. ಗ್ರಾನೈಟಿನವರು ದಿಮ್ಮಿ ಬಿರಿದರೆ ನಷ್ಟ ಅಂತ ವಜ್ರದ ಹರಳಿನ ತಂತಿಯಿಂದ ನಾಜೂಕಾಗಿ ಕೊಯ್ಯುತ್ತಾರೆ. ಜಲ್ಲಿ ಕ್ವಾರಿಗೆ ಆ ಚಿಂತೆ ಇಲ್ಲ, ಪುಡಿಯಾದಷ್ಟೂ ಒಳ್ಳೆಯದು. ನಮ್ಮ ಓಣಿಯ ನಾಲ್ಕು ಹುಡುಗರು ಕ್ರಷರ್ ಶುರುವಾಗಲಿ ಅಂತ ಕಾಯುತ್ತಿದ್ದಾರೆ, ಗುಳೆ ಹೋಗುವುದು ತಪ್ಪುತ್ತದೆ ಅಂತ. ಅವರ ಅವ್ವಂದಿರೇ ರೊಟ್ಟಿ ಹಿಟ್ಟಿನಲ್ಲಿ ಧೂಳು ಕರಕರ ಅನ್ನುತ್ತದೆ ಅಂತ ಬೈಯುತ್ತಾರೆ. ಶಿವಮೊಗ್ಗ ಬಳಿಯ ಹುಣಸೋಡಿನ ಕ್ವಾರಿಯಲ್ಲಿ 2021ರ ಜನವರಿಯ ಒಂದು ರಾತ್ರಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದ ಸುದ್ದಿಯನ್ನು ಹುಡುಗರೂ ಅವ್ವಂದಿರೂ ನೋಡಿದ್ದಾರೆ.

ಆದ್ದರಿಂದ ಊರವರ ಅರ್ಜಿಯಲ್ಲಿ 'ಬೇಡ' ಎಂಬುದರ ಕೆಳಗೆ ಇನ್ನೆರಡು ಸಾಲು ಸೇರಿಸಿ ಅಂದೆ: ಒಂದು ವೇಳೆ ಕೊಡುವುದಾದರೆ ಗುಡ್ಡದ ಕಡೆಯ ಕೊನೇ ಮನೆಯಲ್ಲಿ ಮೀಟರ್ ಇಡಬೇಕು, ಪ್ರತಿ ಸಿಡಿತದ ಅಂಕಿಯನ್ನು ಕನ್ನಡದಲ್ಲಿ ಪಂಚಾಯಿತಿ ಬೋರ್ಡಿಗೆ ಹಚ್ಚಬೇಕು. ಕಾಕಾ ಒಪ್ಪಲಿಲ್ಲ. "ಎರಡನೇ ಸಾಲು ಬರದ್ರ ಮೊದಲನೇದ್ ಓದೂದಿಲ್ಲ ಅವ್ರು." ಅವರ ಮಾತಲ್ಲೂ ಸತ್ಯವಿದೆ, ನನಗೆ ಅನುಭವ ಬೇರೆ ಊರಿನದು. ವಾದ ಮಾಡಿ ಮಾಡಿ ಕೊನೆಗೆ ಎರಡು ಬೇರೆ ಅರ್ಜಿ ಮಾಡಿದರು. ಸೋಮವಾರ ತಹಶೀಲ್ದಾರ್ ಕಚೇರಿಯಲ್ಲಿ ಎರಡಕ್ಕೂ ಸೀಲು ಬಿದ್ದಿದೆ, ಫೋಟೊ ಕಳಿಸಿದ್ದಾರೆ. ಗೋಡೆಯದೂ ಒಂದು ಫೋಟೊ ಇತ್ತು: ಬಿರುಕಿನ ತುದಿಗೆ ಹೊಸ ಗೀಟು, ಪಕ್ಕದಲ್ಲಿ ಮೊನ್ನೆಯ ತಾರೀಖು. ಇನ್ನೂ ಮದ್ದು ಹಾರಿಲ್ಲ, ಇಲ್ಲಿಂದ ಲೆಕ್ಕ ಶುರು ಅಂತ.