ಕಪ್ಪು-ಬಿಳುಪಿನಲ್ಲಿ ಬೆಂಗಳೂರು ಬಲು ಚಂದ

ಬೆಂಗಳೂರಿನಲ್ಲಿ ಒಂದು ಕಟ್ಟಡಕ್ಕೆ ಮರ್ಯಾದೆ ಸಿಗಬೇಕಾದರೆ ಅದು ಮೊದಲು ಬೀಳಬೇಕು. ನಿಂತಿರುವಷ್ಟು ದಿನ ಅದರ ಗೋಡೆ ತುಂಬ ಪಿಜಿ, ಪೈಲ್ಸ್, ಪ್ಯಾಕರ್ಸ್ ಅಂಡ್ ಮೂವರ್ಸ್ ಪೋಸ್ಟರ್. ಬಿದ್ದ ಮಾರನೇ ದಿನ ಕಪ್ಪು-ಬಿಳುಪು ಫೋಟೊ, ಕೆಳಗೆ ಮೂರು ಅಳುವ ಇಮೋಜಿ. ಲಾಲ್‌ಬಾಗಿನ ಕೃಂಬಿಗಲ್ ಹಾಲ್ 2017ರಲ್ಲಿ ನೆಲಸಮವಾಯಿತು. ಅದಕ್ಕೆ ಮುಂಚೆ ವರ್ಷಗಟ್ಟಲೆ ಪಾಳುಬಿದ್ದು ನಿಂತಿತ್ತು. ವಾಕಿಂಗ್ ಬಂದವರು ಪಕ್ಕದಲ್ಲೇ ಕೈ ಬೀಸಿಕೊಂಡು ಹೋಗುತ್ತಿದ್ದರು. ಬಿದ್ದ ಮೇಲೆ ನೋಡಿ, ಎಲ್ಲರ ಬಾಲ್ಯವೂ ಅದರ ಜಗಲಿಯ ಮೇಲೇ ಕಳೆದಿತ್ತು.

ಈಗ ಬೆಳಗಾದರೆ ಫೋನಿಗೆ ಒಂದು ಹಳೇ ಬೆಂಗಳೂರು ಬಂದೇ ಬರುತ್ತದೆ. ಖಾಲಿ ರಸ್ತೆ, ಎರಡು ಜಟಕಾ, ಸಾಲುಮರ. "ಇದು ಯಾವ ಜಾಗ, ಹೇಳಿ ನೋಡೋಣ?" ಅಷ್ಟೇ ಸಾಕು. ನಿವೃತ್ತರ ಪತ್ತೇದಾರಿ ದಳ ಕಾಫಿ ಲೋಟ ಕೆಳಗಿಟ್ಟು ಕನ್ನಡಕ ಹುಡುಕುತ್ತದೆ. ಇವರ ವಿದ್ಯೆ ಸಣ್ಣದಲ್ಲ, ತಮಾಷೆಗೆ ಹೇಳುತ್ತಿಲ್ಲ. ಬೋರ್ಡಿನಲ್ಲಿ ಮೈಸೂರು ರಾಜ್ಯ ಅಂತಿದೆಯಾ? ಹಾಗಾದರೆ 1973ರ ನವೆಂಬರ್‌ಗಿಂತ ಹಿಂದಿನದು. ಬಸ್ಸಿನ ಮೇಲೆ ಬಿಎಂಟಿಸಿ ಅಂತಿದೆಯಾ? 1997 ದಾಟಿದೆ. ನೆರಳು ಬಿದ್ದ ದಿಕ್ಕು ನೋಡಿ ಗಂಟೆ ಹೇಳುವವರೂ ಇದ್ದಾರೆ. ಇದೇ ಜನರನ್ನು ಅವರದೇ ಬೀದಿಯ ಮೂಲೆಮನೆ ಯಾವಾಗ ಕೆಡವಿದರು ಅಂತ ಕೇಳಿ. "ಓ, ಕೆಡವಿಬಿಟ್ರಾ?" ಅನ್ನುತ್ತಾರೆ.

ಜಾಗ ಗುರುತಿಸುವ ಕ್ರಮ ಇನ್ನೂ ಚಂದ. ಇದ್ದದ್ದನ್ನು ನುಂಗಿದವರ ಹೆಸರಿನಿಂದಲೇ ಗುರುತು. ಧರ್ಮಾಂಬುಧಿ ಕೆರೆಯಾ? ಅದೇ ಸಾರ್, ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಸಂಪಂಗಿ ಕೆರೆ ಅಂದರೆ ಕಂಠೀರವ ಕ್ರೀಡಾಂಗಣ. ಶೂಲೆ ಕೆರೆ ಅಂದರೆ ಫುಟ್‌ಬಾಲ್ ಸ್ಟೇಡಿಯಂ. ಅಕ್ಕಿತಿಮ್ಮನಹಳ್ಳಿ ಕೆರೆ ಅಂದರೆ ಹಾಕಿ. ಈಜು ಒಂದನ್ನು ಬಿಟ್ಟು ಮಿಕ್ಕ ಎಲ್ಲ ಆಟವನ್ನೂ ನಾವು ನಮ್ಮ ಕೆರೆಗಳಿಗೆ ಕಲಿಸಿದ್ದೇವೆ. ಪುಣ್ಯಕ್ಕೆ ಸಂಪಂಗಿಯಲ್ಲಿ ಕರಗದ ಶಾಸ್ತ್ರಕ್ಕೆಂದು ಒಂದು ಪುಟ್ಟ ಕೊಳ ಉಳಿದಿದೆ. ದ್ರೌಪದಮ್ಮನ ಹೆದರಿಕೆ ಇಲ್ಲದಿದ್ದರೆ ಅಲ್ಲೂ ಒಂದು ಶಟಲ್ ಕೋರ್ಟ್ ಬರುತ್ತಿತ್ತು. ಹಾಗೆ ನೋಡಿದರೆ ಈ ಊರಿನಲ್ಲಿ ಫೋಟೊ ಇಲ್ಲದೆ ಹಳೇ ಜಾಗ ಕಂಡುಹಿಡಿಯುವುದು ಮಳೆಯೊಂದೇ. ಒಂದು ಗಂಟೆ ಸುರಿದರೆ ಸಾಕು, ಯಾವ ಬಡಾವಣೆ ಯಾವ ಕೆರೆ ಅಂತ ಬೇಸ್‌ಮೆಂಟಿನ ಕಾರುಗಳೇ ತೇಲಿ ತೋರಿಸುತ್ತವೆ.

ಇತ್ತೀಚೆಗೆ ಇನ್ನೊಂದು ತಮಾಷೆ. ಟ್ರಾಮ್ ಓಡುವ ಬ್ರಿಗೇಡ್ ರೋಡ್! ಬೆಂಗಳೂರಿನಲ್ಲಿ ಟ್ರಾಮ್ ಓಡಲೇ ಇಲ್ಲ. ಅದು ಮದರಾಸಿನ ರಸ್ತೆ, ಅಲ್ಲೂ 1953ಕ್ಕೆ ನಿಂತುಹೋಯಿತು. ಇಲ್ಲವಾದರೆ ಯಾವುದೋ ಕೃತಕ ಬುದ್ಧಿಮತ್ತೆ ಎಳೆದ ಕನಸು. ಜಟಕಾ ಕುದುರೆಗೆ ಐದು ಕಾಲು ಇದ್ದರೆ ಅನುಮಾನ ಬೇಡ. ಆದರೆ ಅಷ್ಟು ಹೊತ್ತಿಗೆ ನಾಲ್ಕು ಜನ ತಾತನ ತೊಡೆ ಮೇಲೆ ಕೂತು ಆ ಟ್ರಾಮಿನಲ್ಲಿ ಓಡಾಡಿ, ಕಾಲಾಣೆ ಟಿಕೆಟ್ ತಗೊಂಡು, ಇಳಿದೂ ಆಗಿರುತ್ತದೆ.

ತಾತ ಅಂದ ಕೂಡಲೇ ನೆನಪಾಯಿತು. ಈ ಊರಿನ ಎಲ್ಲ ತಾತಂದಿರೂ ಇಂದಿರಾನಗರದ ಸೈಟು ಬೇಡ ಅಂದವರೇ. "ಆಗ ಅಲ್ಲಿ ನರಿ ಕೂಗ್ತಿತ್ತು ಸಾರ್." ಹಳೇ ಫೋಟೊದ ಕೆಳಗೆ ಬರುವ ನಿಟ್ಟುಸಿರಲ್ಲಿ ಮುಕ್ಕಾಲು ಪಾಲು ಮರಕ್ಕಲ್ಲ, ಆ ಸೈಟಿಗೆ. ಮಿಕ್ಕಿದ್ದು ಫ್ಯಾನೇ ಬೇಡವಾಗಿದ್ದ ಏಪ್ರಿಲ್‌ಗೆ.

ಫೋಟೊ ತೆಗೆದವನ ಹೆಸರು ಮಾತ್ರ ಯಾರಿಗೂ ಬೇಡ. ಹಂಚಿದವನ ಹೆಸರು ಆಕಾಶದ ಅಗಲಕ್ಕೂ ಅಡ್ಡಡ್ಡ ಬರೆದಿರುತ್ತದೆ. ಆಕಾಶ ಖಾಲಿ ಇದ್ದರೆ ಒತ್ತುವರಿ ಮಾಡದೆ ಬಿಟ್ಟರೆ ನಾವೆಂಥ ಬೆಂಗಳೂರಿನವರು?

ಇನ್ನು ಎಂ.ಜಿ. ರೋಡ್ ಕಥೆ. 1936ರ ಪ್ಲಾಜಾ ಚಿತ್ರಮಂದಿರ ಹೋಗಿ ಮೆಟ್ರೊ ನಿಲ್ದಾಣ ಬಂತು. ಪ್ಲಾಜಾದಲ್ಲಿ ಸಿನಿಮಾ ನೋಡಿದೆವು ಅಂತ ಈಗ ಕಣ್ಣೊರೆಸಿಕೊಳ್ಳುವವರೆಲ್ಲ ಟಿಕೆಟ್ ಕೊಂಡಿದ್ದರೆ ಅದು ಇವತ್ತಿಗೂ ಹೌಸ್‌ಫುಲ್. ಮೆಟ್ರೊಗಾಗಿ ಅದೇ ರಸ್ತೆಯ ಸಾಲುಮರದ ಬುಲೇವಾರ್ಡ್ ಕಿತ್ತರು. ಆಮೇಲೆ ಅದೇ ಜಾಗದಲ್ಲಿ ಒಂದು ಕಲಾ ಕೇಂದ್ರ ಕಟ್ಟಿದರು. ಮರ ಕಡಿದಲ್ಲಿ ಮರದ ಚಿತ್ರ ನೇತುಹಾಕುವ ಅನುಕೂಲ ಎಲ್ಲ ಊರಿಗೂ ಸಿಗಲ್ಲ.

ಇದನ್ನು ಮೊದಲು ಅರ್ಥ ಮಾಡಿಕೊಂಡವರು ಬಿಲ್ಡರುಗಳು. ಹಳೇ ಬಂಗಲೆ ಕೆಡವುವ ಮುಂಚೆ ಒಂದು ಒಳ್ಳೇ ಫೋಟೊ ತೆಗೆಸಿಡುತ್ತಾರೆ. ಹದಿನೆಂಟು ಮಹಡಿ ಎದ್ದ ಮೇಲೆ ಹೆಸರು 'ಹೆರಿಟೇಜ್'. ಲಾಬಿಯಲ್ಲಿ ಅದೇ ಬಂಗಲೆ, ಅದರ ಕೆಂಪು ಹೆಂಚು, ಮರದ ಚೂಪು ಟೋಪಿ ಹೊತ್ತ ಮಂಕಿ ಟಾಪ್ ಕಿಟಕಿ, ಮಾವಿನಮರ, ಎಲ್ಲ ಚಿನ್ನದ ಬಣ್ಣದ ಫ್ರೇಮಿನೊಳಗೆ. ಮಾವಿನಮರದ ಫೋಟೊ ಕಾಣುವ ಕಡೆಯ ಫ್ಲ್ಯಾಟಿಗೆ ಚದರಡಿಗೆ ಇನ್ನೂರು ರೂಪಾಯಿ ಜಾಸ್ತಿ.