ಪರ-ವಿರೋಧ: ಹಳ್ಳಿಯಲ್ಲಿ ಕೃಷಿ ಮತ್ತು ಕಸುಬುಗಳ ವಸ್ತುಸಂಗ್ರಹಾಲಯ ಬೇಕೇ?

ಪರ: ಬಲ್ಲವರು ಇರುವಾಗಲೇ ಆಗಬೇಕು

ಅಜ್ಜಿ ಕೂರಿಗೆಯ ಹಿಂದೆ ನಡೆಯುತ್ತ ಬಿತ್ತುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಷ್ಟಿಯನ್ನು ಕೂರಿಗೆಯ ಬಟ್ಟಲಿನ ಮೇಲೆ ಹಿಡಿದು ತುಸು ಸಡಿಲಿಸಿದರೆ ಕಾಳು ಅದರ ತೂತುಗಳಿಗೆ ಹಂಚಿಹೋಗಿ, ಬಿದಿರಿನ ಕೊಳವೆಗಳಲ್ಲಿ ಜಾರಿ ಸಾಲು ಸೇರುತ್ತಿತ್ತು. ಎತ್ತುಗಳ ಹೆಜ್ಜೆ ಚುರುಕಾದಾಗ ಕೈಯೂ ಚುರುಕಾಗದಿದ್ದರೆ ಪೈರು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ತೆಳುವಾಗಿ ಮೊಳೆಯುತ್ತಿತ್ತು. ಆ ಕೂರಿಗೆಯನ್ನು ನಾವೇ ಒಲೆಗೆ ಹಾಕಿದೆವು. ಉಳಿದ ಬಟ್ಟಲನ್ನು ನನ್ನ ಮಗಳು ಹಳೆಯ ಆಟಿಕೆಯೆಂದು ತಿಳಿದಳು. ಕೈಯ ಆ ಲೆಕ್ಕವನ್ನು ಅವಳಿಗೆ ಹೇಳಿಕೊಡಲು ನನ್ನಿಂದ ಆಗಲಿಲ್ಲ.

ನಗರದ ದೊಡ್ಡ ಸಂಗ್ರಹಾಲಯ ಇದೇ ಕೂರಿಗೆಯನ್ನು ಗಾಜಿನ ಹಿಂದೆ ಇಟ್ಟು ಹೆಸರು ಬರೆದೀತು, ಆದರೆ ಅದನ್ನು ಹಿಡಿದು ಬಿತ್ತಿದವರು ಅಲ್ಲಿ ಇರುವುದಿಲ್ಲ. 1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದ ಆರ್ಥರ್ ಹಜೇಲಿಯಸ್ ಹಳ್ಳಿಮನೆಗಳನ್ನಷ್ಟೇ ತಂದು ನಿಲ್ಲಿಸದೆ, ಅವುಗಳೊಳಗಿನ ಬದುಕನ್ನೂ ತೋರಿಸಲು ಹೊರಟರು. ಹಳ್ಳಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಒಂದು ಗಾಣ, ಕಮ್ಮಾರನ ಒಂದು ತಿದಿ, ನೇಗಿಲು, ನೊಗ ಮತ್ತು ಅವುಗಳನ್ನು ಬಳಸಿ ತೋರಿಸಬಲ್ಲ ನಾಲ್ಕು ಜನ ಸಾಕು. ಚೀಟಿಯಲ್ಲಿ ಬರೆದದ್ದು ತಪ್ಪಾಗಿದ್ದರೆ ತಿದ್ದುವವರು ಪಕ್ಕದ ಮನೆಯಲ್ಲೇ ಇರುತ್ತಾರೆ. ಖರ್ಚಿನ ಮಾತೆತ್ತುವವರು ಹಳೆಯದೆಲ್ಲವನ್ನೂ ಕಸವೆಂದೇ ಎಣಿಸಿದವರು. ಅವರಿಗೆ ಹೇಳುವುದು ಇಷ್ಟೇ, ತಿಳಿದವರ ವಯಸ್ಸು ನಮಗಾಗಿ ಕಾಯುವುದಿಲ್ಲ.

ವಿರೋಧ: ತೆರೆಯುವುದು ಸುಲಭ, ಕಾಪಾಡುವುದು ಕಷ್ಟ

ನನಗೆ ಒಪ್ಪಿಸಿರುವುದು ವಿರೋಧದ ಪಕ್ಷ. ಉಪಕರಣಗಳನ್ನು ಉಳಿಸಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಅದಕ್ಕೊಂದು ಕಟ್ಟಡ ಕಟ್ಟಿ ಫಲಕ ಹಾಕುವುದಕ್ಕೆ ಮಾತ್ರ ಆಕ್ಷೇಪವಿದೆ. ಮರಕ್ಕೆ ಗೆದ್ದಲು ಹಿಡಿಯುತ್ತದೆ, ತೇವದ ಗಾಳಿಯಲ್ಲಿ ಕಬ್ಬಿಣಕ್ಕೆ ತುಕ್ಕು ಬರುತ್ತದೆ, ತಿದಿಯ ಚರ್ಮ ಒಣಗಿ ಬಿರಿಯುತ್ತದೆ. ಉದ್ಘಾಟನೆಗೆ ಬಂದವರು ಎರಡನೆಯ ಮಳೆಗಾಲದಲ್ಲಿ ಸೂರು ಸೋರುತ್ತಿದೆಯೇ ಎಂದು ನೋಡಲು ಬರುವುದಿಲ್ಲ. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ 2022ರಲ್ಲಿ ಒಪ್ಪಿದ ವ್ಯಾಖ್ಯೆಯ ಪ್ರಕಾರ ಸಂಗ್ರಹಾಲಯವೆಂದರೆ ಸಂಶೋಧನೆ, ಸಂಗ್ರಹ, ಸಂರಕ್ಷಣೆ, ವಿವರಣೆ, ಪ್ರದರ್ಶನಗಳನ್ನು ನಡೆಸುವ ಶಾಶ್ವತ ಸಂಸ್ಥೆ; ಬೀಗದ ಕೈ ಯಾರಲ್ಲಿದೆಯೆಂದು ಊರೆಲ್ಲ ಹುಡುಕಬೇಕಾದ ಕೋಣೆಗೆ ಆ ಹೆಸರು ಸಲ್ಲದು.

ತಿಳಿದವರಿಗೆ ವಯಸ್ಸಾಗುತ್ತಿದೆ ಎಂಬ ಮಾತಿಗೆ ಧ್ವನಿಮುದ್ರಣ ಸಾಕು ಎಂದಷ್ಟೇ ಹೇಳುತ್ತೇನೆ. ಫ್ರಾನ್ಸಿನ ಲ ಕ್ರೂಸೋ ಎಂಬ ಉಕ್ಕು ಮತ್ತು ಕಲ್ಲಿದ್ದಲಿನ ಪ್ರದೇಶದಲ್ಲಿ 1970ರ ದಶಕದಲ್ಲಿ ಒಂದೇ ಕಟ್ಟಡಕ್ಕೆ ಅಂಟಿಕೊಳ್ಳದೆ, ಇಡೀ ಪ್ರದೇಶವನ್ನೇ ಸಂಗ್ರಹಾಲಯವೆಂದು ಪರಿಗಣಿಸಿದರು. ಆ ದಾರಿ ನನಗೆ ಹಿಡಿಸುತ್ತದೆ. ಯಾರ ಅಟ್ಟದ ಮೇಲೆ ಯಾವ ಉಪಕರಣವಿದೆ ಎಂಬ ಪಟ್ಟಿ ಮೊದಲು ಸಿದ್ಧವಾಗಲಿ, ಮನೆಯವರೇ ಅದನ್ನು ಒರೆಸಿ, ಎಣ್ಣೆ ಸವರಿ ಇಟ್ಟುಕೊಳ್ಳಲಿ.